ಕರಡಿಯ ಚೀಟಿ

ಕಳೆದ ಭಾನುವಾರ ಬಣಕಲ್‌ನ ಚಿಕ್ಕಮ್ಮನ ಮನೆಗೆ ಹೋದಾಗ ಅಡುಗೆಮನೆಯಲ್ಲಿ ಚಗಳಿ ಹುರಿಯುತ್ತಿದ್ದರು. ಚಗಳಿ ಅಂದರೆ ಎಲೆಗಳನ್ನು ಸೇರಿಸಿ ಮರದ ಮೇಲೆ ಗೂಡು ಕಟ್ಟುವ ಕೆಂಪಿರುವೆ. ಗೂಡನ್ನು ಹಾಗೇ ಕಿತ್ತು ತಂದು, ಬಿಸಿ ಬಾಣಲೆಗೆ ಕೊಡವಿ, ಹುರಿದು, ಕಾಯಿತುರಿ, ಒಣಮೆಣಸು, ಬೆಳ್ಳುಳ್ಳಿ ಹಾಕಿ ಅರೆದರೆ ಚಟ್ನಿ. ನಮ್ಮ ಕಡೆಯವರು ಅಕ್ಕಿರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಾರೆ, ಬೇರೆ ಕಡೆಯವರು ಮುಖ ಹಿಂಡುತ್ತಾರೆ. ಹುರಿಯುವಾಗ ಏಳುವ ಹುಳಿ ವಾಸನೆ ಮಾತ್ರ ಯಾರನ್ನೂ ಬಿಡುವುದಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಗೆ ಉರಿಯಿತಾ ಎಂದು ಚಿಕ್ಕಮ್ಮ ಕೇಳಿದರು. ಹೌದು ಅಂದೆ. ಹೊಗೆಯೇನೂ ಇರಲಿಲ್ಲ, ನನಗೆ ರೈಟರ್ ನೆನಪಾಗಿದ್ದರು...

ರೈಟರ್ ಅಂದರೆ ಕಥೆ ಬರೆಯುವವರಲ್ಲ. ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆದು, ಇವತ್ತು ಯಾರು ಯಾವ ಬ್ಲಾಕಿಗೆ ಹೋಗಬೇಕು ಎಂದು ಕೆಲಸ ಹಂಚುವವರು. ನಾನು ಹೇಳುತ್ತಿರುವ ರೈಟರ್ ಇದ್ದದ್ದು ಸಂಸೆಯಿಂದ ಮೇಲಕ್ಕೆ, ಜೀಪು ಬಿಟ್ಟರೆ ಬೇರೇನೂ ಹತ್ತದ ದಾರಿಯ ಕೊನೆಯಲ್ಲಿದ್ದ ಒಂದು ಎಸ್ಟೇಟಿನಲ್ಲಿ. ಐವತ್ತೈದು ದಾಟಿದ್ದ ತೆಳ್ಳನೆಯ ಮನುಷ್ಯ. ಶರ್ಟಿನ ಜೇಬಿನಲ್ಲಿ ಸದಾ ಎರಡು ಪೆನ್ನು. ಒಂದು ಅವರು ಬರೆಯುವುದಕ್ಕೆ, ಇನ್ನೊಂದು ಕೇಳಿದವರಿಗೆ ಕೊಡುವುದಕ್ಕೆ. ಕೊಡುವ ಪೆನ್ನಿನಲ್ಲಿ ಇಂಕು ಇರುತ್ತಿರಲಿಲ್ಲ. ಮೊದಲ ಸಲ ನನಗೂ ಅದನ್ನೇ ಕೊಟ್ಟು, ನಾನು ಕಾಗದದ ಮೇಲೆ ಗೀಚಿ ಗೀಚಿ ಸೋತದ್ದನ್ನು ನೋಡಿ, ಮುಖದಲ್ಲಿ ಒಂದಿಷ್ಟೂ ನಗು ತೋರಿಸದೆ ನಿಂತಿದ್ದರು.

ನಾನು ವಸ್ತಾರೆಯವಳು. ಡಿಗ್ರಿ ಮುಗಿಸಿ, ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದನ್ನು ಕಲಿತು, ಕಾಡುಪ್ರಾಣಿಗಳ ಕೆಲಸ ಮಾಡುವ ಒಂದು ತಂಡಕ್ಕೆ ಸೇರಿದ್ದೆ. ಸಂಸೆಯ ಮೇಲಿನ ಬೆಟ್ಟದ ಸಾಲಿನಲ್ಲಿ ಕರಡಿ ಕಂಡು ಒಂದು ತಲೆಮಾರೇ ಕಳೆದಿತ್ತಂತೆ. ಮರಿಯಾಗಿದ್ದಾಗ ಸಿಕ್ಕಿ, ಬೇಲಿಯೊಳಗೆ ಬೆಳೆದ ಒಂದು ಹೆಣ್ಣು ಕರಡಿಯನ್ನು ಅಲ್ಲಿನ ಶೋಲಾ ಕಾಡಿಗೆ ಬಿಡುವುದು ಎಂದು ತೀರ್ಮಾನವಾಯಿತು. ಅದರ ಕೊರಳಿಗೆ ಒಂದು ಪಟ್ಟಿ. ಪಟ್ಟಿಯಿಂದ ಕರಡಿ ಇರುವ ಜಾಗ ಆಕಾಶಕ್ಕೆ ಹೋಗಿ, ಅಲ್ಲಿಂದ ನನ್ನ ಲ್ಯಾಪ್‌ಟಾಪಿಗೆ ಚುಕ್ಕಿಯಾಗಿ ಬರುತ್ತಿತ್ತು. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿತ್ತು. ಕರಡಿಯನ್ನು ಬಿಡುವ ಮೊದಲೇ, ಅದು ಎಲ್ಲಿ ಅಲೆಯುತ್ತದೆ, ಕೊನೆಗೆ ಎಲ್ಲಿ ನೆಲೆ ನಿಲ್ಲುತ್ತದೆ ಎಂದು ನಾನು ಹೇಳಬೇಕಿತ್ತು.

ಹೇಳಿದೆ, ಏನಂತೀರಿ! ಬೇರೆ ಬೇರೆ ಕಡೆ ಬಿಟ್ಟ ಕರಡಿಗಳು ನಡೆದ ದಾರಿಗಳನ್ನು ಸೇರಿಸಿ, ನೀರು, ಇಳಿಜಾರು, ಮರದ ನೆರಳು, ರಸ್ತೆ ಎಲ್ಲ ಲೆಕ್ಕ ಹಾಕಿ, ಮೂರು ಬಣ್ಣದ ನಕ್ಷೆ ಮಾಡಿದೆ. ಹಸಿರಿನಲ್ಲಿ ನಿಲ್ಲುತ್ತದೆ, ಹಳದಿಯನ್ನು ದಾಟಿ ಹೋಗುತ್ತದೆ, ಕೆಂಪಿಗೆ ಕಾಲಿಡುವುದಿಲ್ಲ. ಬೆಟ್ಟದ ತಲೆಯ ಶೋಲಾ ಪೂರ್ತಿ ಹಸಿರು. ರೈಟರ್ ಇದ್ದ ಎಸ್ಟೇಟು ಹಳದಿ. ನಮ್ಮ ತಂಡದ ಮುಖ್ಯಸ್ಥರು, ನಾವು ಸರ್ ಎನ್ನುತ್ತಿದ್ದವರು, ಅದನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ ಗೋಡೆಗೆ ಹಾಕಿದರು. ನನಗೂ ಕೋಡು ಮೂಡಿತ್ತು.

ಮಳೆಗಾಲ ಮುಗಿಯುತ್ತಲೇ ಕರಡಿಯನ್ನು ಬಿಟ್ಟೆವು. ಎರಡು ಮೂರು ವಾರ ಅದು ಮೇಲೆಯೇ ಸುತ್ತಿತು. ಆಮೇಲೆ ಒಂದೊಂದೇ ಚುಕ್ಕಿ ಕೆಳಗೆ, ಕಾಫಿಯ ಕಡೆಗೆ ಬೀಳತೊಡಗಿತು. ದಾಟಿ ಹೋಗುತ್ತದೆ ಬಿಡು ಎಂದುಕೊಂಡೆ. ಅಷ್ಟರಲ್ಲಿ ಎಸ್ಟೇಟಿನಲ್ಲಿ ಕಾಫಿ ಕುಯ್ಲು ಶುರುವಾಗಿತ್ತು.

ಒಂದು ಸಂಜೆ ರೈಟರ್ ಸಂಸೆಯ ನಮ್ಮ ಬಾಡಿಗೆ ರೂಮಿಗೆ ಬಂದರು. ಕೂರಿ ಅಂದರೆ ಕೂರಲಿಲ್ಲ. ನಾಳೆ ಬೆಳಿಗ್ಗೆ ಕರಡಿ ಎಲ್ಲಿರುತ್ತದೆ ಎಂದು ಕೇಳಿದರು, ನಾಳೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ಧಾಟಿಯಲ್ಲಿ. ನಾನು ಉತ್ಸಾಹದಿಂದ ಲ್ಯಾಪ್‌ಟಾಪ್ ತೆರೆದು ಬಣ್ಣಗಳನ್ನು ತೋರಿಸಿದೆ. ತುಂಬ ಹೊತ್ತು ನೋಡಿದರು.

"ಇದ್ರಲ್ಲಿ ಚಗಳಿ ಎಲ್ಲಿದೆ ಮೇಡಂ?"

ಇರುವೆ ಆಕಾಶದಿಂದ ಕಾಣುವುದಿಲ್ಲ ಎಂದೆ. ಹುತ್ತ ಕಾಣುತ್ತದಾ ಎಂದರು. ಮರದ ಕೆಳಗಿನ ಹುತ್ತ ಅದು ಹೇಗೆ ಕಂಡೀತು?

"ಹಂಗಾದ್ರೆ ಇದು ಕರಡಿ ಮ್ಯಾಪ್ ಅಲ್ಲ ಬಿಡಿ."

ನನಗೆ ಮೈಯೆಲ್ಲ ಉರಿಯಿತು. ಎರಡು ದಿನ ಆ ಮನುಷ್ಯನನ್ನು ಮನಸ್ಸಿನಲ್ಲೇ ಬೈದುಕೊಂಡು ತಿರುಗಿದೆ. ಅವರು ಹೋಗುವ ಮುಂಚೆ ಹೇಳಿದ್ದು ಇಷ್ಟೇ: ಕರಡಿಗೆ ಬೇಕಾಗಿರುವುದು ಗೆದ್ದಲು ಮತ್ತು ಚಗಳಿ. ಎರಡೂ ತಮ್ಮ ಎಸ್ಟೇಟಿನ ಹಳ್ಳದ ಬ್ಲಾಕಿನಲ್ಲಿ ಬೇಕಾದಷ್ಟಿದೆ, ಮಲಗುವುದಕ್ಕೆ ಹಳ್ಳದಲ್ಲಿ ಬಂಡೆಗಳ ಸಂದೂ ಇದೆ. ಅದು ದಾಟುವುದಿಲ್ಲ, ಅಲ್ಲೇ ಕೂರುತ್ತದೆ. ಮುಂದಿನ ವಾರ ಚುಕ್ಕಿಗಳು ಬಂದು ಬಿದ್ದದ್ದೂ ಅಲ್ಲೇ. ಮನಸ್ಸಿಲ್ಲದ ಮನಸ್ಸಿನಿಂದ ಜೀಪು ಹತ್ತಿ ಹೋಗಿ ಅವರ ಜೊತೆ ಆ ಬ್ಲಾಕ್ ಸುತ್ತಿದೆ. ಹರಿದುಹೋದ ಒಂದು ಚಗಳಿ ಗೂಡನ್ನು ಕೈಗೆತ್ತಿಕೊಂಡು ಮೂಸಿ ನನಗೂ ಕೊಟ್ಟರು. ಹುಳಿ ವಾಸನೆ ಮೂಗಿಗೆ ಅಡರಿತು. ವಾಸನೆ ಇಷ್ಟು ಖಾರವಾಗಿದ್ದರೆ ಇವತ್ತು ಬೆಳಿಗ್ಗೆ ಕಿತ್ತದ್ದು, ಸಪ್ಪೆಯಾಗಿದ್ದರೆ ನಿನ್ನೆಯದು ಎಂದರು. ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಅವತ್ತು ವಾಪಸು ಬರುವಾಗ ಅವರು ತಮಗೆ ಬೇಕಾದದ್ದನ್ನು ಹೇಳಿದರು.

"ನಂಗೆ ಕರಡಿ ಮೇಲೆ ಸಿಟ್ಟಿಲ್ಲ ಮಾರಾಯ್ರೆ. ಅದೂ ಬದುಕ್ಲಿ. ನನ್ ಹತ್ರ ನಲವತ್ತು ಹೆಣ್ಣಾಳು ಇದಾರೆ, ದಿನಾ ಬೆಳಿಗ್ಗೆ ನಾನೇ ಕಳ್ಸೋದು. ಯಾವ್ ಕಡೆ ಕಳಿಸ್ಬಾರ್ದು ಅಂತ ಅಷ್ಟು ಹೇಳಿ, ಸಾಕು."

ಹೇಳುವ ಹಾಗಿರಲಿಲ್ಲ. ಕರಡಿ ಇರುವ ಜಾಗವನ್ನು ತಂಡದ ಹೊರಗೆ ಯಾರಿಗೂ ತಿಳಿಸಬಾರದು ಎಂದು ಸರ್ ಕಟ್ಟಪ್ಪಣೆ ಮಾಡಿದ್ದರು. ಬೇಟೆಯವರ ಕಿವಿಗೆ ಬಿದ್ದರೆ ಕಷ್ಟ ಎನ್ನುವುದು ಕಾರಣ, ಅದು ಸುಳ್ಳೂ ಅಲ್ಲ. ಆದರೆ ನಲವತ್ತು ಜನ ಹೆಂಗಸರು ಮಂಜಿನಲ್ಲಿ ಬುಟ್ಟಿ ಕಟ್ಟಿಕೊಂಡು ಹೋಗುವುದನ್ನು ಕಣ್ಣಾರೆ ಕಂಡ ಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕೂರಲು ನನ್ನಿಂದ ಆಗಲಿಲ್ಲ. ಆ ಎಸ್ಟೇಟಿಗೆ ಫೋನು ಸಿಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ ಹಾಲು, ದಿನಸಿ ತುಂಬಿಕೊಂಡು ಸಂಸೆಯಿಂದ ಒಂದು ಜೀಪು ಮೇಲೆ ಹೋಗುತ್ತಿತ್ತು. ಡ್ರೈವರ್ ನನ್ನ ಬಾಗಿಲಲ್ಲಿ ನಿಲ್ಲಿಸಿ ಹಾರ್ನ್ ಮಾಡುತ್ತಿದ್ದ, ನಾನು ಒಂದು ತುಂಡು ಕಾಗದ ಕೊಡುತ್ತಿದ್ದೆ. 'ಹಳ್ಳದ ಬ್ಲಾಕ್ ಬೇಡ.' 'ಮೇಲಿನ ಗೇಟಿನ ಕಡೆ ಬೇಡ.' ಅಷ್ಟೇ. ರೈಟರ್ ಓದಿ, ಜೇಬಿಗೆ ಹಾಕಿಕೊಂಡು, ಹೆಂಗಸರನ್ನು ಬೇರೆ ಕಡೆ ಕಳಿಸುತ್ತಿದ್ದರು. ಎಸ್ಟೇಟಿನಲ್ಲಿ ಅದಕ್ಕೆ ಕರಡಿ ಚೀಟಿ ಎಂಬ ಹೆಸರೇ ಬಿತ್ತಂತೆ, ಎಲ್ಲಿಂದ ಬರುತ್ತದೆ ಎಂಬುದು ಮಾತ್ರ ರೈಟರಿಗೂ ಡ್ರೈವರಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಒಂದೂವರೆ ತಿಂಗಳು ಹೀಗೆ ನಡೆಯಿತು. ಯಾರಿಗೂ ಒಂದು ಗೀರು ಗಾಯವಾಗಲಿಲ್ಲ. ಗೋಡೆಯ ಮೇಲಿನ ಆ ದೊಡ್ಡ ನಕ್ಷೆಗಿಂತ ಈ ತುಂಡು ಕಾಗದದ ಮೇಲೆಯೇ ನನಗೆ ಹೆಚ್ಚು ಹೆಮ್ಮೆಯಿತ್ತು ಎಂದರೆ ನಂಬಿ.

ಇಲ್ಲಿ ದೊಡ್ಡಕ್ಕನ ವಿಷಯ ಹೇಳಬೇಕು. ಕುಯ್ಲಿನ ಹೆಣ್ಣಾಳುಗಳಲ್ಲಿ ಹಿರಿಯಳು, ಎಲ್ಲರೂ ಹಾಗೇ ಕರೆಯುತ್ತಿದ್ದರು. ಚಗಳಿ ಕಚ್ಚಿದರೆ ಮೈಯೆಲ್ಲ ಬೆಂಕಿ, ಹಾಗಾಗಿ ಗೂಡು ಇರುವ ಸಾಲುಗಳನ್ನು ಉಳಿದ ಹೆಂಗಸರು ಬಿಟ್ಟು ಮುಂದೆ ಹೋಗುತ್ತಿದ್ದರು. ಉಳಿದ ಆ ಸಾಲುಗಳನ್ನು ಮಾರನೆಯ ದಿನ ದೊಡ್ಡಕ್ಕ ಮುಗಿಸಬೇಕು. ಕೈಗೆ ಹಳೆಯ ಕಾಲುಚೀಲ ಏರಿಸಿಕೊಂಡು ಆಕೆ ಹಣ್ಣನ್ನೂ ಕೊಯ್ಯುತ್ತಿದ್ದರು, ಗೂಡನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿಕೊಳ್ಳುತ್ತಿದ್ದರು. ಒಂದು ಸಲ ಜೀಪಿನಲ್ಲಿ ನನಗೂ ಚಟ್ನಿ ಬಂತು, ಜೊತೆಗೆ ನಾಲ್ಕು ಅಕ್ಕಿರೊಟ್ಟಿ. ಮುಂದೆ ಸಿಕ್ಕಾಗ ಚೆನ್ನಾಗಿತ್ತು ಅಂದೆ. ಕರಡಿಗೂ ತನಗೂ ಒಂದೇ ನಾಲಿಗೆ, ಮುಂದಿನ ಜನ್ಮದಲ್ಲಿ ತನಗೂ ಒಂದು ಪಟ್ಟಿ ಕಟ್ಟಿ ಬಿಡು ಎಂದು ನಕ್ಕರು.

ಆ ವಾರ ಕರಡಿ ಮೇಲಕ್ಕೆ, ಶೋಲಾ ಕಡೆಗೆ ಹೋಗಿತ್ತು. ಎರಡು ದಿನದ ಚುಕ್ಕಿ ಅಲ್ಲೇ. ನೋಡಿದಿರಾ, ನನ್ನ ಹಸಿರು ಕೊನೆಗೂ ನಿಜವಾಯಿತು ಎಂದು ಒಳಗೊಳಗೇ ಹಿಗ್ಗಿದೆ. ಹಳ್ಳದ ಬ್ಲಾಕಿನಲ್ಲಿ ಹಣ್ಣು ಮಾಗಿ ಉದುರುತ್ತಿದೆ ಎಂದು ರೈಟರ್ ಡ್ರೈವರ್ ಕೈಲಿ ಹೇಳಿ ಕಳಿಸಿದ್ದರು. 'ಹಳ್ಳದ ಬ್ಲಾಕ್ ಆಗಬಹುದು' ಎಂದು ಬರೆದುಕೊಟ್ಟೆ. ಅವತ್ತು ನಲವತ್ತು ಜನವೂ ಅಲ್ಲಿ ಕೊಯ್ದು ಕ್ಷೇಮವಾಗಿ ಬಂದರು. ಉಳಿದದ್ದು ಚಗಳಿ ಸಾಲುಗಳು ಮಾತ್ರ.

ಮಾರನೆಯ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಹೊಸ ಚುಕ್ಕಿ ಒಂದೂ ಇಲ್ಲ. ಹಿಂದೆ ಒಮ್ಮೆ ಹೀಗಾಗಿತ್ತು, ಅವತ್ತು ಭಾನುವಾರ, ಕುಯ್ಲು ಇರಲಿಲ್ಲ. ಮತ್ತೆ ಮತ್ತೆ ನೋಡಿದೆ. ಅಷ್ಟರಲ್ಲಿ ಜೀಪು ಬಂದು ಹಾರ್ನ್ ಮಾಡಿತು. ಬರೆಯುವುದಕ್ಕೆ ಏನಿದೆ? ಬಾಗಿಲಿಗೆ ಬಂದು, ಇವತ್ತೇನೂ ಇಲ್ಲ ಹೋಗು ಎಂದು ಕೈ ಆಡಿಸಿದೆ. ಡ್ರೈವರ್ ತಲೆಯಾಡಿಸಿ ಹೋದ. ಕರಡಿ ಎಲ್ಲಿದೆಯೋ ನನಗೆ ಗೊತ್ತಿಲ್ಲ ಎಂಬುದು ನನ್ನ ಕೈಯ ಅರ್ಥ.

ಆ ಎಸ್ಟೇಟಿನ ರೂಢಿ ನನಗೆ ಗೊತ್ತಿರಲಿಲ್ಲ. ಅಲ್ಲಿನ ಯಜಮಾನರು ಇದ್ದದ್ದು ಚಿಕ್ಕಮಗಳೂರಿನಲ್ಲಿ. ಕೆಲಸ ಬದಲಾಯಿಸಬೇಕಾದರೆ ಅದೇ ಜೀಪಿನಲ್ಲಿ ಚೀಟಿ ಕಳಿಸುತ್ತಿದ್ದರು. ಚೀಟಿ ಬರಲಿಲ್ಲ ಎಂದರೆ ನಿನ್ನೆಯ ಆರ್ಡರೇ ಇವತ್ತಿಗೂ. ಮೂವತ್ತು ವರ್ಷ ರೈಟರ್ ಹಾಗೇ ಕೆಲಸ ಮಾಡಿದ್ದರು, ಅವರ ಕೈಕೆಳಗಿನವರೂ ಹಾಗೇ. ಖಾಲಿ ಕೈಯಲ್ಲಿ ಜೀಪು ಬಂದಾಗ ಅವರು ಒಂದು ಕ್ಷಣವೂ ಅನುಮಾನಪಡಲಿಲ್ಲ. ನಿನ್ನೆ ಹಳ್ಳದ ಬ್ಲಾಕ್, ಇವತ್ತೂ ಹಳ್ಳದ ಬ್ಲಾಕ್. ಉಳಿದ ಸಾಲುಗಳಿಗೆ ದೊಡ್ಡಕ್ಕ.

ನಾನು ಕಂಡದ್ದು ಆಮೇಲಿನದನ್ನು. ಒಂಬತ್ತರ ಹೊತ್ತಿಗೆ ಹಾರ್ನ್ ಒತ್ತಿ ಹಿಡಿದು ಜೀಪು ಕೆಳಗೆ ಬಂತು. ಹಿಂದಿನ ಸೀಟಿನಲ್ಲಿ ರೈಟರ್, ಅವರ ತೊಡೆಯ ಮೇಲೆ ಕಂಬಳಿ ಸುತ್ತಿದ ಒಂದು ತಲೆ. ಕಂಬಳಿ ಒದ್ದೆಯಾಗಿತ್ತು. ಯಾರು ಎಂದು ಕೈಯ ಕಾಲುಚೀಲ ನೋಡಿ ಗೊತ್ತಾಯಿತು. ಮಂಜಿನಲ್ಲಿ ದೊಡ್ಡಕ್ಕ ಗೂಡಿಗೆ ಕೈ ಹಾಕಿದಾಗ ಗಿಡದ ಆಚೆ ಹುತ್ತ ಬಗೆಯುತ್ತಿದ್ದ ಕರಡಿ ಗಾಬರಿಬಿದ್ದು ಮೇಲೆರಗಿತಂತೆ. ರೈಟರ್ ಕೊಡೆಯಲ್ಲಿ ಹೊಡೆದು ಓಡಿಸಿದರಂತೆ. ಜೀಪು ನನ್ನ ಬಾಗಿಲು ದಾಟುವಾಗ ರೈಟರ್ ನನ್ನನ್ನು ನೋಡಿದರು. ನಾನು ನಿಂತೇ ಇದ್ದೆ.

ಮಧ್ಯಾಹ್ನ ಚುಕ್ಕಿಗಳು ಬಂದವು, ಎಲ್ಲ ಒಟ್ಟಿಗೆ. ಹಳ್ಳದ ಬಂಡೆಗಳ ಸಂದಿನಿಂದ ಪಟ್ಟಿಯ ಸಿಗ್ನಲ್ ಮೇಲೆ ಹೋಗುತ್ತಿರಲಿಲ್ಲ. ಕರಡಿ ಬಯಲಿಗೆ ಬಂದ ಮೇಲೆ ಹಿಂದಿನ ಸಂಜೆಯಿಂದ ಸಿಕ್ಕಿಕೊಂಡಿದ್ದ ಚುಕ್ಕಿಗಳು ಒಂದರ ಹಿಂದೊಂದು ಉದುರಿದವು. ಎಲ್ಲವೂ ಹಳ್ಳದ ಬ್ಲಾಕಿನಲ್ಲಿ. ಆ ಪರದೆಯ ಮುಂದೆ ಕೂತು ನಾನು ಅತ್ತೆ. ಅತ್ತು ಏನು ಬಂತು?

ದೊಡ್ಡಕ್ಕ ಬದುಕಿದರು. ಒಂದು ಕಣ್ಣು ಹೋಯಿತು, ಕೆನ್ನೆಯ ಅರ್ಧ ಹೋಯಿತು.

ನಾಲ್ಕು ದಿನ ಬಿಟ್ಟು ಎಸ್ಟೇಟಿನ ಕಾಫಿ ಕಣದಲ್ಲಿ ಕುರ್ಚಿ ಹಾಕಿ ವಿಚಾರಣೆ. ಯಜಮಾನರು, ಇಬ್ಬರು ಅಧಿಕಾರಿಗಳು, ಸರ್, ನಾನು. ಸುತ್ತ ಹೆಣ್ಣಾಳುಗಳು. ಬರುವ ದಾರಿಯಲ್ಲೇ ಸರ್ ನನ್ನ ಕಡೆ ತಿರುಗದೆ, ನಮ್ಮ ಕಡೆಯಿಂದ ಯಾರಿಗೂ ಯಾವ ಮಾಹಿತಿಯೂ ಹೋಗಿಲ್ಲ ಅಲ್ಲವೇ ಎಂದಿದ್ದರು. ಅವರಿಗೆ ಅನುಮಾನ ಇತ್ತೋ ಏನೋ... ನಾನು ಇಲ್ಲ ಸರ್ ಅಂದಿದ್ದೆ. ಕಣದಲ್ಲಿ ಯಜಮಾನರು ರೈಟರನ್ನು ನಿಲ್ಲಿಸಿ, ಕರಡಿ ಇದೆ ಎಂದು ಗೊತ್ತಿದ್ದೂ ಆ ಬ್ಲಾಕಿಗೆ ಹೆಂಗಸನ್ನು ಕಳಿಸು ಎಂದು ನಿನಗೆ ಹೇಳಿದವರು ಯಾರು ಎಂದು ಕೇಳಿದರು.

ರೈಟರ್ ಜೇಬಿಗೆ ಕೈ ಹಾಕುತ್ತಾರೆ, ಚೀಟಿಗಳನ್ನೆಲ್ಲ ತೆಗೆದು ಮುಂದಿಡುತ್ತಾರೆ ಎಂದು ನಾನು ಕಾದೆ. ಹಾಗೇ ಆಗಲಿ ಎಂದೂ ಅನಿಸಿತು, ಆಗದಿರಲಿ ಎಂದೂ ಅನಿಸಿತು. ಜೇಬಿನಲ್ಲಿ ಎರಡು ಪೆನ್ನು ಬಿಟ್ಟರೆ ಏನೂ ಇರಲಿಲ್ಲ.

"ಯಾರೂ ಹೇಳ್ಲಿಲ್ಲ. ನಂದೇ ಆರ್ಡರು."

ನನ್ನ ಕಡೆ ನೋಡಲೂ ಇಲ್ಲ. ಚೀಟಿ ಎಂಬ ಮಾತು ಆ ಬಾಯಿಂದ ಬರಲಿಲ್ಲ. ನನ್ನ ಕೆಲಸ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ನಾನೇ ಎದ್ದು ಹೇಳಬಹುದಿತ್ತು, ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದೆ. ನಾಲಿಗೆ ಏಳಲಿಲ್ಲ. ನನಗೆ ಆಗ ಇಪ್ಪತ್ತಾರು ವರ್ಷ, ಮೊದಲ ಕೆಲಸ, ಮನೆಯಲ್ಲಿ ಇದರ ಮೇಲೆ ಆಸೆ ಇಟ್ಟುಕೊಂಡವರಿದ್ದರು. ಈ ನೆಪಗಳನ್ನು ಎಷ್ಟು ಸಲ ಹೇಳಿಕೊಂಡರೂ ಅವು ನೆಪಗಳೇ. ನಾಚಿಕೆಯಾಗುತ್ತದೆ.

ಕುಯ್ಲು ಮುಗಿಯುತ್ತಲೇ ಅವರನ್ನು ಕೆಲಸದಿಂದ ತೆಗೆದರು. ಕರಡಿಯನ್ನು ಬೋನಿಟ್ಟು ಹಿಡಿದು ಮತ್ತೆ ಬೇಲಿಯೊಳಗೆ ಬಿಟ್ಟರು. ನಮ್ಮ ವರದಿಯಲ್ಲಿ ಕರಡಿ ನಿರೀಕ್ಷೆ ಮೀರಿ ಕೆಳಗೆ ನೆಲೆಸಿತು ಎಂದು ಬರೆದೆವು. ನನ್ನ ಕೆಲಸ ಉಳಿಯಿತು.

ನಾಲ್ಕೈದು ವರ್ಷದ ಮೇಲೆ ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ರೈಟರ್ ಸಿಕ್ಕರು. ಕಳಸದಲ್ಲಿ ಸಂಬಂಧಿಕರ ಅಂಗಡಿಯಲ್ಲಿ ಕೂರುತ್ತೇನೆ ಎಂದರು. ತುಂಬ ಇಳಿದುಹೋಗಿದ್ದರು. ದೊಡ್ಡಕ್ಕ ಹೇಗಿದ್ದಾರೆ ಎಂದು ಕೇಳಿದೆ. ಮಗಳ ಮನೆಯಲ್ಲಿ ಇದ್ದಾರೆ, ನಾನು ಆಗಾಗ ಹೋಗಿ ಬರುತ್ತೇನೆ ಎಂದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ವರ್ಷಗಳಿಂದ ಹೇಳದೆ ಉಳಿದದ್ದನ್ನು ಹೇಗೋ ಹೇಳಿದೆ: ಅವತ್ತು ಚುಕ್ಕಿ ಬಂದಿರಲಿಲ್ಲ, ಕರಡಿ ಎಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ, ಅದಕ್ಕೆ ಚೀಟಿ ಬರೆಯಲಿಲ್ಲ.

ಅವರು ನೆಲ ನೋಡುತ್ತಾ ಮೆಲ್ಲಗೆ ಹೇಳಿದರು.

"ಗೊತ್ತಿಲ್ಲ ಅಂತಲೇ ಒಂದ್ ಚೀಟಿ ಬರೀಬಹುದಿತ್ತಲ್ಲ ಮೇಡಂ... ನಾನು ಯಾರನ್ನೂ ಕಳಿಸ್ತಿರ್ಲಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಾಗಿರುತ್ತಿತ್ತು. ಕಳಸದ ಬಸ್ಸು ಬಂತು, ಹತ್ತಿ ಹೋದರು. ಅದೇ ಕೊನೆ. ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ನನಗೆ ಸುದ್ದಿ ಮುಟ್ಟಿದ್ದು ಒಂದು ತಿಂಗಳು ಕಳೆದ ಮೇಲೆ, ಆ ಜೀಪಿನ ಡ್ರೈವರಿನಿಂದ.

ಬಣಕಲ್‌ನಿಂದ ಬಂದ ಮೇಲೆ ಎರಡು ದಿನ ನನಗೆ ಕೆಲಸ ಸಾಗಲಿಲ್ಲ. ಬುಧವಾರ ರಜೆ ಹಾಕಿ, ದೊಡ್ಡಕ್ಕನ ಮಗಳ ಊರು ಹುಡುಕಿಕೊಂಡು ಹೋದೆ. ಜಗಲಿಯ ಮೇಲೆ ಅವರೊಬ್ಬರೇ ಇದ್ದರು. ಉಳಿದ ಒಂದು ಕಣ್ಣಿಂದ ನೋಡಿ, ದನಿಯಿಂದ ಗುರುತು ಹಿಡಿದು, ಕೂರು ಎಂದರು. ಕೂತು ಎಲ್ಲ ಹೇಳಿದೆ. ಚೀಟಿ ಬರೆಯುತ್ತಿದ್ದವಳು ನಾನು, ಅವತ್ತು ಬರೆಯದೆ ಉಳಿದವಳು ನಾನು, ಕಣದಲ್ಲಿ ಬಾಯಿ ಬಿಡದೆ ಕೂತವಳೂ ನಾನು, ರೈಟರ್ ನನ್ನನ್ನು ಉಳಿಸಿದರು ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ದೊಡ್ಡಕ್ಕ ಬೈಯಲಿಲ್ಲ.

"ರೈಟ್ರು ಕರಡಿ ಇದೆ ಅಂತ ಗೊತ್ತಿದ್ದೇ ಕಳ್ಸಿದ್ರು ಅಂದ್ಕೊಂಡಿದ್ದೆ," ಎಂದರು. "ಕಣದಲ್ಲಿ ಅವ್ರೇ ಹೇಳಿದ್ರಂತಲ್ಲ, ನಂದೇ ಆರ್ಡರು ಅಂತ. ತಿಂಗಳಿಗೊಂದ್ಸಲ ಇಲ್ಲಿಗೆ ಬರ್ತಿದ್ರು, ಇದೇ ಜಗಲಿ ಮೇಲೆ ಕೂರ್ತಿದ್ರು. ನಾನು ಒಳಗಿಂದ ಹೊರಗೆ ಬರ್ಲಿಲ್ಲ. ಒಂದ್ಸಲಾನೂ ಬರ್ಲಿಲ್ಲ. ಒಂದ್ ಲೋಟ ನೀರು ಕೊಡ್ಲಿಲ್ಲ ಮಾರಾಯ್ತಿ..."

ಐದರ ಬಸ್ಸಿಗೆ ಎದ್ದಾಗ ದೊಡ್ಡಕ್ಕ ಗೋಡೆ ಹಿಡಿದುಕೊಂಡು ಅಂಗಳದ ತುದಿಯವರೆಗೆ ಬಂದರು. ರೈಟರ್ ಮನೆಯಲ್ಲಿ ಈಗ ಯಾರಿದ್ದಾರೆ, ಹೆಂಡತಿಯಾದರೂ ಇದ್ದರೆ ಹೋಗಿ ಒಂದು ಮಾತು ಹೇಳಿ ಬರಬೇಕು, ತನ್ನನ್ನು ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದರು. ರೈಟರ್ ಹೆಂಡತಿ ಅವರಿಗಿಂತ ಮೊದಲೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಅದನ್ನು ಹೇಳಲೇಬೇಕಾಯಿತು, ಹೇಳಿದೆ.